ಬೀಸುಕಲ್ಲಿನ ಆಡಿಟ್ ಪಾಠ

ಮೇಲಿನ ದರ್ಜೆಯ ಆಡಿಟ್ ಪರೀಕ್ಷೆಗೆ ಕೂತವರು ನನ್ನ ಗಂಡ, ಓದಿದವಳು ನಾನು. ಅದೂ ಭಾಲ್ಕಿಯ ಅತ್ತೆಯ ಮನೆಯಲ್ಲಿ, ಜೋಳ ಬೀಸುತ್ತ ಓದಿದೆ. ಈಗ ಹೇಳಿದರೆ ಮೊಮ್ಮಕ್ಕಳು ಅಜ್ಜಿ ಬುರುಡೆ ಬಿಡುತ್ತಾಳೆ ಎಂದು ನಗುತ್ತವೆ. ನಗಲಿ. ಅವು ಓದುವ ಹೊತ್ತಿಗೆ ಫ್ಯಾನ್ ಬೇಕು, ಚಹಾ ಬೇಕು, ಮನೆಯಲ್ಲಿ ಯಾರೂ ಕೆಮ್ಮಬಾರದು. ನನ್ನ ಓದಿಗೆ ಒಂದು ಬೀಸುಕಲ್ಲು ಮತ್ತು ಒಂದು ಮೊರ ಜೋಳ ಸಾಕಾಗಿತ್ತು.

ನನ್ನ ತವರು ಬೀದರ. ಚೌಬಾರದ ಹತ್ತಿರ ಅಪ್ಪನ ಬಟ್ಟೆ ಅಂಗಡಿ ಇತ್ತು. ಅಪ್ಪ ನನ್ನನ್ನು ಮಿಷನ್‌ನವರ ಹೆಣ್ಣುಮಕ್ಕಳ ಸಾಲಿಗೆ, ಅಂದರೆ ಶಾಲೆಗೆ, ಹಾಕಿದರು. ಲಿಂಗ ಕಟ್ಟಿದ ಮನೆಯ ಹುಡುಗಿ ಅಲ್ಲಿ ಕೆಟ್ಟು ಹೋಗುತ್ತಾಳೆಂದು ಓಣಿಯವರು ಹೇಳಿದರು. ಕೆಟ್ಟದ್ದು ನಿಜ. ಇಂಗ್ಲಿಷ್ ಬಂತು, ನಾಲಿಗೆ ಉದ್ದವಾಯಿತು. ರಜಾಕಾರರ ಗದ್ದಲ ಶುರುವಾದಾಗ ಬೆಳೆದ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳಲು ಅಂಜಿ ಅಪ್ಪ ಅವಸರದಲ್ಲಿ ಮದುವೆ ಮಾಡಿ ಭಾಲ್ಕಿಗೆ ಕಳಿಸಿಬಿಟ್ಟರು. ವಾಲಗದ ಸದ್ದು ಕೂಡ ಇಲ್ಲದ ಮದುವೆ. ಬೀಗರು ಉಂಡು ಹೊತ್ತು ಮುಳುಗುವ ಮೊದಲೇ ಊರು ಸೇರಿದ್ದರು. ಆ ದಿನಗಳ ಅಂಜಿಕೆಯನ್ನು ಇಲ್ಲಿ ಬರೆಯಲು ಹೋಗುವುದಿಲ್ಲ, ಅದನ್ನು ನೆನೆದರೆ ಇಂದಿಗೂ ನನಗೆ ನಗು ಬರುವುದಿಲ್ಲ.

ನನ್ನ ಗಂಡ ಜಿಲ್ಲೆಯ ಲೆಕ್ಕ ತಪಾಸಣೆ ಕಚೇರಿಯಲ್ಲಿ ಅಹಲ್ಕಾರ, ಅಂದರೆ ಗುಮಾಸ್ತ. ಭಾಲ್ಕಿ, ಔರಾದ ಎಂದು ತಾಲೂಕಿನಿಂದ ತಾಲೂಕಿಗೆ ತಿರುಗಿ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ನಿಜಾಮರ ರಾಜ್ಯದಲ್ಲಿ ಎಲ್ಲವೂ ಉರ್ದುವಿನಲ್ಲಿತ್ತು. ಉರ್ದುವಿನ ಲೆಕ್ಕದಲ್ಲಿ ನನ್ನ ಗಂಡ ಹುಲಿ. ದಫ್ತರ ತೆರೆದರೆ ಎಂಥ ತಹಸೀಲದಾರನೂ ಚಹಾ ತರಿಸುತ್ತಿದ್ದ. ಪೊಲೀಸ್ ಆ್ಯಕ್ಷನ್ ಆಯಿತು, ಸರಕಾರ ಬದಲಾಯಿತು, ಕಚೇರಿಗೆ ಇಂಗ್ಲಿಷ್ ಬಂದು ಕೂತಿತು. ನಿನ್ನೆಯವರೆಗೆ ಪಂಡಿತರಾಗಿದ್ದ ಅಹಲ್ಕಾರರೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಮೂಗರಾದರು. ಕೆಲವರು ಪೆನ್ಶನ್ ತೆಗೆದುಕೊಂಡು ಮನೆ ಸೇರಿದರು. ಉಳಿದವರಿಗೆ ಹುಕುಂ ಬಂತು: ಇಂಗ್ಲಿಷಿನಲ್ಲಿ ಮೇಲಿನ ದರ್ಜೆಯ ಆಡಿಟ್ ಪರೀಕ್ಷೆ ಪಾಸಾದವರು ಬೀದರಿನ ಮುಖ್ಯ ಕಚೇರಿಯಲ್ಲಿ ಆಡಿಟರ್ ಆಗುತ್ತಾರೆ, ಆಗದವರು ಔರಾದಿನಲ್ಲಿ ನಕಲು ಬರೆಯುತ್ತಾರೆ.

ಇದರಲ್ಲಿ ನನ್ನದೇನು ಗಂಟು ಎಂದರೆ, ಇತ್ತು. ಆ ವರ್ಷ ಪಂಚಮಿಗೆ ತವರಿಗೆ ಹೋದಾಗ ನಮ್ಮ ಸಾಲಿಯ ಹೆಡ್ ಬಾಯಿಯವರನ್ನು ಕಾಣಲು ಹೋಗಿದ್ದೆ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಿಯವರು ಎನ್ನುತ್ತಾರೆ. ಅವರು ನನ್ನ ಬಳೆ, ನನ್ನ ಸೆರಗು ಎಲ್ಲ ನೋಡಿ, "ಬೀದರದಾಗ ಮನಿ ಮಾಡಿದ್ರ ಹೇಳು ತಂಗಿ. ಜೂನ್‌ದಾಗ ಮೂರನೇ ಇಯತ್ತಾ ಕಲಿಸಲಕ್ಕ ನಿನಗೇ ಕೊಡ್ತೇನಿ. ಮಕ್ಕಳಿಗೆ ನಿನ್ನಂಥ ಬಾಯಿ ಇದ್ದಾಕಿ ಬೇಕು" ಎಂದರು. ಅವತ್ತಿನಿಂದ ನನಗೆ ಬೇರೆ ಧ್ಯಾಸವೇ ಇರಲಿಲ್ಲ. ಗಂಡ ಪಾಸಾದರೆ ಬೀದರ, ಬೀದರಕ್ಕೆ ಹೋದರೆ ಸಾಲಿ. ಫೇಲಾದರೆ ಅವರು ಔರಾದಿಗೆ, ನಾನು ಭಾಲ್ಕಿಯ ಒಲೆಗೆ. ನನ್ನ ಕೈಯಲ್ಲಿ ಸೀಮೆಸುಣ್ಣ ಇರುತ್ತದೋ ಸೌಟೋ ಎನ್ನುವುದು ಒಬ್ಬ ಗಂಡಸಿನ ಇಂಗ್ಲಿಷಿನ ಮೇಲೆ ನಿಂತಿತ್ತು. ಆ ಇಂಗ್ಲಿಷೋ, ದೇವರಿಗೇ ಪ್ರೀತಿ.

ಅವರು ಬೀದರಿನಿಂದ ಯಾರದೋ ಕೈಕಾಲು ಹಿಡಿದು ಒಂದು ದಪ್ಪ ಆಡಿಟ್ ಪುಸ್ತಕ ತಂದರು. ತಲೆದಿಂಬಿಗೆ ಸರಿಯಾಗುವಷ್ಟು ದಪ್ಪ. ಹೆಚ್ಚಿನ ದಿನ ಅದಕ್ಕೇ ಬಳಕೆಯಾಯಿತು. ಒಂದು ಪುಟ ಓದುವುದರಲ್ಲಿ ಕಣ್ಣು ಮುಚ್ಚುತ್ತಿತ್ತು. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬುಟ್ಟಿಯ ಹಿಂದೆ ಇಟ್ಟುಕೊಂಡು ಅದೇ ಪುಸ್ತಕ ಓದಿದೆ. ಇಂಗ್ಲಿಷ್ ತಿಳಿಯಿತು, ಆಡಿಟ್ ತಿಳಿಯಲಿಲ್ಲ. ಅವರಿಗೆ ಆಡಿಟ್ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ನಾನೊಂದು ಸಾಲಿನ ಅರ್ಥ ಹೇಳಿದರೆ, "ಓ, ಇದು ನಮ್ಮ ರಸೀದ್ ಮಿಲಾಯಿಸೋದು" ಎಂದು ಅವರ ಮುಖ ಅರಳುತ್ತಿತ್ತು. ಇಬ್ಬರನ್ನೂ ಸೇರಿಸಿದರೆ ಒಬ್ಬ ಒಳ್ಳೆಯ ಆಡಿಟರ್ ಆಗುತ್ತಿದ್ದ. ಪರೀಕ್ಷೆಗೆ ಮಾತ್ರ ಒಬ್ಬರನ್ನೇ ಒಳಗೆ ಬಿಡುತ್ತಾರೆ.

ಬೇಕಾದದ್ದು ಇಬ್ಬರೂ ಕೂತು ಓದುವ ಹೊತ್ತು. ಅದು ಆ ಮನೆಯಲ್ಲಿ ಇರಲಿಲ್ಲ. ಹಿರಿಯರ ಮುಂದೆ ಗಂಡ ಹೆಂಡತಿ ಕೂತು ಮಾತಾಡುವಂತಿರಲಿಲ್ಲ. ರಾತ್ರಿಯಾದರೆ ಅವರು ಹಾಸಿಗೆಗೆ ಬೆನ್ನು ತಾಗಿದೊಡನೆ ಗೊರಕೆ. ಮಾವನವರು ಅಡತಿ ಅಂಗಡಿಯವರು, ಊರಲ್ಲಿ ನಾಲ್ಕು ಜನ ಕೇಳುವ ಮಾತಿನವರು. ಒಂದು ದಿನ ಮಗ ನನ್ನನ್ನು ಒಂದು ಇಂಗ್ಲಿಷ್ ಶಬ್ದ ಕೇಳಿದ್ದು ಅವರ ಕಿವಿಗೆ ಬಿತ್ತು. ಪಡಸಾಲೆಯಿಂದಲೇ ಗುಡುಗಿದರು.

"ಏನಪಾ, ಹೇಣ್ತಿ ಕಡೆ ಸಾಲಿ ಕಲಿಲಕ್ಕ ಹತ್ತೀದಿ? ನಾಳಿ ಬಜಾರದಾಗ ನಾ ಯಾವ ಮಾರಿ ತಗೊಂಡು ಕೂಡ್ಲಿ?"

ನನ್ನ ಗಂಡ ತಲೆ ತಗ್ಗಿಸಿ ಹೊರಗೆ ಹೋದರು. ನನಗೆ ಮೈ ಉರಿಯಿತು. ಪುಸ್ತಕವನ್ನು ಒಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ, ಅದು ಎರವಿನ ಪುಸ್ತಕ.

ದಾರಿ ಸಿಕ್ಕಿದ್ದು ಬೀಸುವ ಕೋಣೆಯಲ್ಲಿ. ನಸುಕಿನಲ್ಲಿ ಬೀಸುವುದು ನನ್ನ ಪಾಲಿನ ಕೆಲಸ. ಬೀಸುವಾಗ ಹೆಂಗಸು ಏನು ಹಾಡಿದರೂ ಕೇಳುವವರಿಲ್ಲ, ಆ ಪದ್ಧತಿ ಎಲ್ಲರ ಮನೆಯಲ್ಲೂ ಇತ್ತು. ಅತ್ತೆಯನ್ನು ಬೈದು ಹಾಡಿದರೂ ಅದು ಬೀಸುವ ಪದವೇ. ಕೋಣೆಗೂ ಪಡಸಾಲೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಗಂಡ ನಸುಕಿನಲ್ಲೆದ್ದು ಆ ಕಿಂಡಿಯ ಕೆಳಗೆ ಪುಸ್ತಕ ಹಿಡಿದು ಕೂತರೆ ಯಾರು ಏನು ಅಂದಾರು? ಮಗ ಓದುತ್ತಿದ್ದಾನೆ, ಸೊಸೆ ಬೀಸುತ್ತಿದ್ದಾಳೆ. ಮಾವನವರು ಅದನ್ನು ನೋಡಿ ಮೀಸೆ ನೀವಿಕೊಂಡರು. ನಾನು ಒಳಗಿನಿಂದ ಆಡಿಟ್ ಹಾಡಿದೆ.

ಬಿಲ್ಲೀಗಿ ವೋಚರ ಇಲ್ಲದ ಮಾತಿಲ್ಲ
ಮೊದಲೀಗಿ ವೋಚರ ನೋಡೇನ | ಆಮ್ಯಾಲ
ಸಾಹೇಬನ ಸಹಿಯ ಹುಡುಕೇನ

ಯಾರ ಹೆಸರಿನ ಹಣವೋ ಅವರ ಕೈ ಮುಟ್ಟಬೇಕ
ನಡುವೀನ ಕೈಯಿ ನಡಿಯಂಗಿಲ್ಲ | ನನ ತಾಯಿ
ಹೆಬ್ಬಟ್ಟರ ಬೇಕ ಗುರುತೀಗಿ

ಒಂದು ಪಾಠಕ್ಕೆ ಒಂದು ಪದ. ಕನ್ನಡದಲ್ಲಿ ಹಾಡಿ, ಕಲ್ಲು ನಿಲ್ಲಿಸಿ ಕಾಳು ಹಾಕುವಾಗ ಅದರ ಇಂಗ್ಲಿಷನ್ನು ಬಿಡಿಬಿಡಿಯಾಗಿ ಹೇಳುತ್ತಿದ್ದೆ. ಆಚೆಯಿಂದ ಅವರು ಪಿಸುಗುಟ್ಟುತ್ತಿದ್ದರು. ತಿಳಿಯದಿದ್ದರೆ ಗಂಟಲು ಸರಿಪಡಿಸಿಕೊಳ್ಳಬೇಕು, ನಾನು ಮತ್ತೆ ಹಾಡಬೇಕು ಎಂದು ಮಾತಾಗಿತ್ತು. ಮೊದಲ ವಾರ ಎಷ್ಟು ಕೆಮ್ಮಿದರೆಂದರೆ ಮಾವನವರು ಅವರಿಗೆ ಜ್ಯೇಷ್ಠಮಧು ತಂದುಕೊಟ್ಟರು.

ಎಲ್ಲಕ್ಕಿಂತ ಕಷ್ಟವಾದದ್ದು ಎಡ ಬಲ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಅಲ್ಲಿ ಜಮಾ ಬಲಕ್ಕೆ, ಖರ್ಚು ಎಡಕ್ಕೆ. ಇಂಗ್ಲಿಷ್ ರೋಕಡ ಪುಸ್ತಕದಲ್ಲಿ ಅದು ತಿರುಗುಮುರುಗು. ನನ್ನ ಗಂಡ ಇಂಗ್ಲಿಷ್ ಅಕ್ಷರ ದುಂಡಗೆ ಬರೆದು ಜಮಾವನ್ನೆಲ್ಲ ಬಲಕ್ಕೆ ಸುರಿಯುತ್ತಿದ್ದರು. ಲೆಕ್ಕವೆಲ್ಲ ಸರಿ, ಸರಕಾರ ಮಾತ್ರ ದಿವಾಳಿ. ಕೊನೆಗೆ ನಾನು ಪದ ಕಟ್ಟಿದೆ: ಉಣ್ಣುವ ಕೈಯ ಕಡೆ ಖರ್ಚು ಬರೆಯೋ ನನ ರಾಯ. ಅವತ್ತಿನಿಂದ ಅವರು ಬರೆಯುವ ಮೊದಲು ಬಲಗೈಯನ್ನು ಬಾಯಿಯ ಹತ್ತಿರ ಒಯ್ದು ನೋಡಿಕೊಳ್ಳುತ್ತಿದ್ದರು. ನಗಬಾರದೆಂದು ನಾನು ಸೆರಗು ಕಚ್ಚುತ್ತಿದ್ದೆ.

ಹೀಗೆ ಸುಖವಾಗಿ ನಡೆದಿರುವಾಗ ಅತ್ತೆ ಬಂದು ಕಲ್ಲಿನ ಎದುರಿಗೆ ಕೂತರು.

ನಮ್ಮ ಅತ್ತೆಯ ತವರು ಔರಾದ ತಾಲೂಕಿನ ಎಕಂಬಾ. ಅಕ್ಷರ ಬಾರದು, ಮಾತು ಕಡಿಮೆ, ನೋಟ ಜಾಸ್ತಿ. ರಟ್ಟೆ ನೋವೆಂದು ಬೀಸುವುದನ್ನು ನನಗೆ ಬಿಟ್ಟಿದ್ದವರು ಒಂದು ನಸುಕು ಗೂಟಕ್ಕೆ ಕೈ ಹಾಕಿ ಎದುರು ಕಾಲು ಚಾಚಿದರು. ಸುಮ್ಮನೆ ಬೀಸಿದೆ.

"ಯಾಕ, ಇವತ್ತ ಪದ ಇಲ್ಲೇನು?" ಎಂದರು.

"ನೆನಪಾಗವಲ್ದು ಅತ್ತಿ."

"ನಿನ್ನಿ ಅಂದಿದ್ದೇ ಅನ್ನು. ವೋಚರಂದು." ಅವರು ಕಲ್ಲು ತಿರುಗಿಸುತ್ತಲೇ ಇದ್ದರು. "ಧಾಟಿ ಚೊಲೋ ಅದ. ಆದ್ರ ದೇವರ ಹೆಸರಿಲ್ದ ಪದ ಹಿಡೀತಾರೇನ? ನಿನಗ ಯಾರೂ ಕಲಿಸಿಲ್ಲೇನು?"

ಹೇಳಿ ತಾವೇ ಮೊದಲ ಸಾಲು ಎತ್ತಿದರು. ಕಲ್ಯಾಣದ ಬಸವಣ್ಣಗ ಮೊದಲೀಗಿ ಶರಣೆಂದು, ಆಮೇಲೆ ನನ್ನ ವೋಚರು. ಅವರ ಕಂಠದಲ್ಲಿ ಆಡಿಟ್ ಎಷ್ಟು ಚೆಂದ ಕೇಳಿತೆಂದರೆ ಗೋಡೆಯಾಚೆ ಕೆಮ್ಮು ನಿಂತೇ ಹೋಯಿತು. ಅಂದಿನಿಂದ ನಾವಿಬ್ಬರೂ ಎದುರುಬದುರು ಕೂತು ಹಾಡಿದೆವು. ಅತ್ತೆ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಆ ಮುಖದಲ್ಲಿ ಕಾಣುತ್ತಿರಲಿಲ್ಲ. ಯಾವತ್ತು ಮಾವನವರ ಮುಂದೆ ಬಾಯಿ ಬಿಡುತ್ತಾರೋ ಎಂದು ದಿನಾ ಅಂಜುತ್ತಿದ್ದೆ.

ಬಾಯಿ ಬಿಟ್ಟರು, ಆದರೆ ಬೇರೆ ರೀತಿಯಲ್ಲಿ. ಮಾವನವರು ಎಕಂಬಾದ ಬೀಗರ ಮನೆಗೆ ಒಂದು ಚೀಲ ಕಡಲೆ ಕಳಿಸಿದ್ದರು. ಊಟಕ್ಕೆ ಕೂತಾಗ ಅದನ್ನು ದೊಡ್ಡದಾಗಿ ಹೇಳಿಕೊಂಡರು. ಅತ್ತೆ ರೊಟ್ಟಿ ನೀಡುತ್ತ ಕೇಳಿದರು.

"ಯಾರ ಕೈಯಾಗ ಕೊಟ್ರಿ?"

"ಔರಾದ ಸಂತಿಗಿ ಹೊಂಟ ಬಂಡಿಯವನ ಕೈಯಾಗ."

"ಮುಟ್ಟಿತಂತ ಗುರುತೇನು ತರಿಸೀರಿ?"

"ಗುರುತ್ಯಾಕ? ಕಳಸೀನಿ ಅಂದ್ರ ಕಳಸೀನಿ!"

"ಕಳಿಸೋದು ಬ್ಯಾರೆ, ಮುಟ್ಟೋದು ಬ್ಯಾರೆ. ಹೆಬ್ಬಟ್ಟರ ತರಿಸಬೇಕಿತ್ತು" ಎಂದು ಅತ್ತೆ ಒಳಗೆ ಹೋದರು.

ಗಂಡ ತಾಟಿನಲ್ಲಿ ಮುಖ ಹುದುಗಿಸಿದರು. ಮಾವನವರಿಗೆ ಸಿಟ್ಟು ಬಂತು. ಬಂಡಿಯವನನ್ನು ಹಿಡಿದು ಕೇಳಿದರೆ, ಎಕಂಬಾದಲ್ಲಿ ಅದೇ ಅಡ್ಡಹೆಸರಿನ ಇನ್ನೊಂದು ಮನೆಗೆ ಚೀಲ ಇಳಿಸಿ ಬಂದಿದ್ದ. ಆ ಮನೆಯವರು ಯಾರೋ ಪುಣ್ಯಾತ್ಮರು ಕೊಟ್ಟರೆಂದು ಅಷ್ಟರಲ್ಲಿ ಹೋಳಿಗೆ ಮಾಡಿ ಉಂಡಿದ್ದರು.

"ಇದೆಲ್ಲ ನಿನಗ ಯಾರು ಕಲಿಸ್ಯಾರ?" ಎಂದು ಮಾವನವರು ಕೇಳಿದರು.

"ಬೀಸೋದ್ರಾಗ ಬರ್ತದರಿ" ಎಂದರು ಅತ್ತೆ. ಮಾವನವರು ಜನ್ಮದಲ್ಲಿ ಬೀಸುಕಲ್ಲು ಮುಟ್ಟಿದವರಲ್ಲ, ಇದ್ದರೂ ಇರಬಹುದೆಂದು ನಂಬಿಬಿಟ್ಟರು.

ಪರೀಕ್ಷೆ ಹೈದರಾಬಾದಿನಲ್ಲಿ. ಅತ್ತೆ ಬುತ್ತಿ ಕಟ್ಟಿದರು, ಹಣೆಗೆ ವಿಭೂತಿ ಹಚ್ಚಿದರು, ಗಂಡ ರೈಲು ಹತ್ತಿದರು. ತಿರುಗಿ ಬಂದಾಗ ಮುಖ ನೋಡಿ ನನ್ನ ಜೀವವೇ ಹೋಯಿತು. ರಾತ್ರಿಯವರೆಗೆ ಕಾಯಲಾರದೆ ಹಿತ್ತಲಲ್ಲಿ ಕೈಕಾಲಿಗೆ ನೀರು ಕೊಡುವ ನೆಪದಲ್ಲಿ ಕೇಳಿದೆ.

"ಹ್ಯಾಂಗಾಯ್ತರಿ?"

"ಬರೆಯೋದೆಲ್ಲ ಬರದೆ. ಆದ್ರ..." ಎಂದು ನಿಲ್ಲಿಸಿದರು.

ಆದದ್ದು ಇಷ್ಟು. ಪ್ರಶ್ನೆ ಓದಿದರೆ ಉತ್ತರ ಬರುತ್ತಿರಲಿಲ್ಲವಂತೆ. ಮೊದಲ ಪದದಿಂದ ಹಿಡಿದು ಬಂದರಷ್ಟೇ ಬರುತ್ತಿತ್ತಂತೆ. ಹಾಗಾಗಿ ಪ್ರತಿ ಪ್ರಶ್ನೆಗೂ ಮನಸ್ಸಿನಲ್ಲಿ ಬಸವಣ್ಣನಿಂದ ಶುರು. ಬರೆಯುವ ಪರೀಕ್ಷೆ ಹೇಗೋ ದಾಟಿತು. ಮಾತಿನ ಪರೀಕ್ಷೆಯಲ್ಲಿ ಮದ್ರಾಸಿನ ಕಡೆಯ ಒಬ್ಬ ಹಿರಿಯ ಸಾಹೇಬರು ಉಗ್ರಾಣದ ಮಾಲು ತಪಾಸಣೆ ಹೇಗೆ ಮಾಡುತ್ತೀರಿ ಎಂದು ಕೇಳಿದರು. ಅದು ಹಗೇವಿನ, ಅಂದರೆ ಜೋಳ ತುಂಬಿಡುವ ನೆಲಗುಂಡಿಯ, ಪದ: ಕಾಗದದಲ್ಲಿ ಕಂಡ ಜೋಳ ನಂಬಬೇಡ, ಹಗೇವಿಗೆ ಇಳಿದು ತಳ ಮುಟ್ಟಿ ನೋಡು. ಪದ ತಟ್ಟನೆ ಬಾಯಿಗೆ ಬರಲಿಲ್ಲ. ಆಗ ನನ್ನ ಗಂಡನ ಬಲಗೈ ತಾನಾಗಿಯೇ ಸಾಹೇಬರ ಮೇಜಿನ ಮೇಲೆ ಗರಗರ ಬೀಸತೊಡಗಿತು. ಗೋಡೆಯಾಚೆ ಕೂತು ಕಲಿತವರು, ಬೀಸುಕಲ್ಲಿನ ಸದ್ದು ಇಲ್ಲದೆ ಅವರಿಗೆ ನೆನಪು ಬರುತ್ತಿರಲಿಲ್ಲವೇನೋ. ಜೊತೆಗೆ ಸಣ್ಣಗೆ ಗುನುಗು. ಸಾಹೇಬರು ಕನ್ನಡಕ ತೆಗೆದರು. ಮೈಗೆ ಸರಿಯಿಲ್ಲವೇ ಎಂದು ಕೇಳಿದರು. ಅಷ್ಟರಲ್ಲಿ ಪದ ಬಂತು, ಇವರು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದರು.

"ಸಾಹೇಬ್ರು ಏನಂದ್ರು?"

"ಹೋಗ್ರಿ ಅಂದ್ರು."

ನಾನು ತಂಬಿಗೆ ಅಲ್ಲೇ ಕುಕ್ಕಿ ಒಳಗೆ ಬಂದೆ. ನಗು ಬರಬೇಕಿತ್ತು, ಅಳು ಬಂತು. ಮೂರನೇ ಇಯತ್ತೆಯ ಮಕ್ಕಳೆಲ್ಲ ನನ್ನ ಕಣ್ಣೆದುರು ಸಾಲಾಗಿ ಎದ್ದು ಹೊರಗೆ ಹೋದ ಹಾಗಾಯಿತು. ಮರುದಿನ ಬೀಸುವಾಗ ಅತ್ತೆ ಪದ ಎತ್ತಿದರು, ನಾನು ದನಿ ಕೂಡಿಸಲಿಲ್ಲ. ಅವರು ಒಬ್ಬರೇ ಕೊನೆಯವರೆಗೆ ಹಾಡಿದರು.

ಫಲಿತಾಂಶ ಬೇಸಿಗೆಯಲ್ಲಿ ಬಂತು. ಸರಕಾರದ ಜರೀದಾದಲ್ಲಿ, ಅಂದರೆ ಗೆಜೆಟ್ಟಿನಲ್ಲಿ, ಹೆಸರು ಅಚ್ಚಾಗಿತ್ತು. ಪಾಸು! ತಹಸೀಲಿನ ಜವಾನ ಓಡುತ್ತ ಬಂದು ಹೇಳಿದ. ಮಾವನವರು ಓಣಿಗೆಲ್ಲ ಪೇಡಾ ಹಂಚಿಸಿದರು. "ನಸೀಕಿನ್ಯಾಗೆದ್ದು ಓದಿದ್ರ ಹಿಂಗ ಆಗ್ತದ ನೋಡ್ರಿ" ಎಂದು ಬಂದವರಿಗೆಲ್ಲ ಪಾಠ ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಬೀದರಿಗೆ ಒಯ್ಯುವ ಸಾಮಾನನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಅಷ್ಟರಲ್ಲಿ ಮಾವನವರು ಎಲ್ಲರೆದುರಿಗೆ ತೀರ್ಮಾನ ಕೊಟ್ಟರು.

"ಬೀದರದಾಗ ನಮ್ಮ ಪೈಕಿಯವರ ಮನಿಯಾಗ ಒಂದು ಖೋಲಿ ಅದ. ಅಲ್ಲೇ ಇರ್ಲಿ. ಖಾನಾವಳಿಯಾಗ ಉಂಡು ನೌಕ್ರಿ ಮಾಡ್ಲಿ. ಸೊಸಿ ಇಲ್ಲೇ ಇರ್ತಾಳ. ಹಬ್ಬಕ್ಕ ಬಂದು ಹೋಗ್ತಾನ."

ನನ್ನ ಗಂಡನ ಕಡೆ ನೋಡಿದೆ. ಹೈದರಾಬಾದಿನ ಸಾಹೇಬರ ಮುಂದೆ ಬಾಯಿ ತೆರೆದವರು ಅಪ್ಪನ ಮುಂದೆ ಪೇಡಾ ಅಗಿಯುತ್ತಿದ್ದರು. ಆ ಪೇಡಾದ ಮೇಲೆ, ಆ ಬಾಯಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾನೇ ಹೊರಗೆ ಹೋಗಿ ಹೇಳಿಬಿಡಲೇ ಎಂದು ಒಂದು ಹೆಜ್ಜೆ ಇಟ್ಟೆ.

ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಅತ್ತೆ ಹೊರಗೆ ಬಂದರು. ಗಂಡಸರು ಕೂತ ಪಡಸಾಲೆಗೆ ಅವರು ಎಂದೂ ಬಂದವರಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೊಸಿಲಲ್ಲೇ ನಿಂತು, ರಾಗ ಬಿಟ್ಟು ಬರೀ ಮಾತಿನಲ್ಲಿ ಹೇಳಿದರು.

"ಯಾರ ಹೆಸರಿನ ಹಣವೋ ಅವರ ಕೈ ಮುಟ್ಟಬೇಕ. ನಡುವೀನ ಕೈಯಿ ನಡಿಯಂಗಿಲ್ಲ."

ಮಾವನವರು ಪೇಡಾದ ಬುಟ್ಟಿ ಕೆಳಗಿಟ್ಟರು. "ಅಂದ್ರ?"

"ಅಂದ್ರ, ಪರೀಕ್ಷಾ ಬರದಾವ ನಿಮ್ಮ ಮಗ. ನಸೀಕಿನ್ಯಾಗ ಅವಗ ಕಲಿಸಿದಾಕಿ ಈಕಿ. ನಾ ಎದುರಿಗಿ ಕೂತೇನಿ, ಕೇಳೀನಿ. ಬೀದರ ಈಕಿ ಗಳಿಸಿದ್ದು. ಈಕಿ ಕೈಯಾಗ ಮುಟ್ಟಬೇಕು. ಆ ಕಡ್ಲಿ ಚೀಲದಂಗ ಯಾರದೋ ಮನ್ಯಾಗ ಇಳಿಸಿ ಬರಬ್ಯಾಡ್ರಿ."

ಪಡಸಾಲೆಯಲ್ಲಿ ಯಾರೋ ನಕ್ಕರು. ಮಾವನವರ ಮುಖ ಕೆಂಪಾಯಿತು. ಈಗ ಮನೆ ನಡುಗುತ್ತದೆ ಎಂದುಕೊಂಡೆ. ಅವರು ಮಗನ ಕಡೆ ತಿರುಗಿದರು.

"ಖರೇ ಏನೋ?"

ನನ್ನ ಗಂಡ ಪೇಡಾ ನುಂಗಿದರು. "ಖರೇ ಅದಪಾ. ಆಕಿ ಇಲ್ಲದಿದ್ರ ನಾ ಔರಾದದಾಗ ನಕಲು ಬರೀತಿದ್ದೆ" ಎಂದರು. ತಡವಾಗಿಯಾದರೂ ಅಂದರು.

ಮಾವನವರು ತಿರುಗಿ ಗೋಡೆಯ ಕಿಂಡಿಯನ್ನು ನೋಡಿದರು. ಆಮೇಲೆ, "ಹಂಗಂದ್ರ ಆ ಜ್ಯೇಷ್ಠಮಧು ಸುಮ್ಮನ ತಿಂದಿ?" ಎಂದು ಮಗನನ್ನು ಕೇಳಿದರು. ಅವರ ಒಪ್ಪಿಗೆ ಎಂದರೆ ಅಷ್ಟೇ.

ಮೇ ಮುಗಿಯುವ ಮೊದಲು ಬೀದರಿನ ಚಿದ್ರಿಯ ಕಡೆ ಒಂದು ಸಣ್ಣ ಮನೆ ಗೊತ್ತಾಯಿತು. ಹೆಡ್ ಬಾಯಿಯವರಿಗೆ ಹೇಳಿ ಕಳಿಸಿದೆ. ಹೊರಡುವ ದಿನ ಭಾಲ್ಕಿ ಸ್ಟೇಶನ್ನಿಗೆ ಅತ್ತೆಯೂ ಬಂದರು. ರೈಲಿನ ಹೊಗೆ ದೂರದಲ್ಲಿ ಕಂಡಾಗ ಅವರು ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದು ನನ್ನ ಹಣೆಗೆ ಹಚ್ಚಿದರು. ಆಮೇಲೆ ಭರಣಿಯನ್ನು ಮುಚ್ಚದೆ ನನ್ನ ಮುಂದೆ ಹಿಡಿದು, ಇನ್ನೊಂದು ಅಂಗೈ ಚಾಚಿದರು.

"ಒತ್ತು."

"ಏನು ಅತ್ತಿ?"

"ಹೆಬ್ಬಟ್ಟ. ಮುಟ್ಟಿತಂತ ಗುರುತು ಬ್ಯಾಡೇನು ನನಗ?"

ಇಂಗ್ಲಿಷ್ ಓದಿದವಳು, ನಾಳೆ ಮಕ್ಕಳಿಗೆ ಅಕ್ಷರ ತಿದ್ದಿಸಲು ಹೊರಟವಳು, ನಾನು ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ ಬೀಸುಕಲ್ಲಿನ ಗೂಟ ಹಿಡಿದೇ ಗಟ್ಟಿಯಾದ ಆ ಅಂಗೈಯ ನಡುವೆ ಒತ್ತಿದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು, ತಲೆಯಾಡಿಸಿದರು, ಮುಷ್ಟಿ ಮುಚ್ಚಿಕೊಂಡರು. ರೈಲು ಹೊರಟ ಮೇಲೂ ಅವರು ಕೈ ಬೀಸಲಿಲ್ಲ. ಬಿಚ್ಚಿದರೆ ಗುರುತು ಅಳಿಸುತ್ತದೆಂದು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.